ಬಾಸ್ಕೆಟ್‌ಬಾಲ್ ಪಂದ್ಯ ಬಿಗಿಯಾದಾಗ ಕೊನೆಯ ಎರಡು ನಿಮಿಷ ಆಡುವುದು ಹೇಗೆ

ಒಂದು ಪಾಯಿಂಟ್ ಹಿಂದೆ ಇದ್ದೆವು. 18 ಸೆಕೆಂಡ್ ಬಾಕಿ. ಬಾಲ್ ನಮ್ಮದೇ. ನಾನು ಬೆಂಚಿನಿಂದ ಎದ್ದು ನಿಂತು "ಹೊಡಿ, ಹೊಡಿ" ಎಂದು ಕೂಗಿದೆ. ಬಾಲ್ ಹಿಡಿದು ಆಟ ನಡೆಸುವ ನಮ್ಮ ಪಾಯಿಂಟ್ ಗಾರ್ಡ್ ನನ್ನ ಮಾತು ಕೇಳಿ ನಿಂತಲ್ಲಿಂದಲೇ ಹೊಡೆದ, ತ್ರೀ ಪಾಯಿಂಟ್ ಗೆರೆಗಿಂತ ಎರಡು ಹೆಜ್ಜೆ ಆಚೆಯಿಂದ. ಬಾಲ್ ರಿಂಗಿಗೆ ಬಡಿದು ಸೀದಾ ಎದುರು ತಂಡದ ಕೈಗೆ ಹೋಯಿತು. ಗಡಿಯಾರ ನೋಡಿದರೆ ಇನ್ನೂ 13 ಸೆಕೆಂಡ್ ಇತ್ತು. ಅಷ್ಟು ಹೊತ್ತಿನಲ್ಲಿ ಎಂಥ ಒಳ್ಳೆ ಶಾಟ್ ಬೇಕಾದರೂ ಹುಡುಕಬಹುದಿತ್ತು. ಮಡಿಕೇರಿಯಿಂದ ಗೋಣಿಕೊಪ್ಪಲಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ಒಬ್ಬರೂ ಮಾತಾಡಲಿಲ್ಲ.

ಆ ಹುಡುಗನ ತಪ್ಪಲ್ಲ ಅದು. ಅಂಥ ಹೊತ್ತಿನಲ್ಲಿ ಏನು ಮಾಡಬೇಕು ಎಂದು ನಾನು ಒಂದು ದಿನವೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ಹಲವು ವರ್ಷ ಮಕ್ಕಳಿಗೆ ಆಟ ಕಲಿಸುತ್ತಾ ನನಗೆ ಗಟ್ಟಿಯಾದ ವಿಷಯ ಒಂದೇ. ಕೊನೆಯ ಎರಡು ನಿಮಿಷದ ಆಟವನ್ನು ಕೊನೆಯ ಎರಡು ನಿಮಿಷದಲ್ಲಿ ಕೂತು ಯೋಚಿಸಲು ಆಗುವುದಿಲ್ಲ. ಅದು ಮೊದಲೇ ತೀರ್ಮಾನ ಆಗಿರಬೇಕು.

ನಮ್ಮ ಕೊಡಗಿನವರಿಗೆ ಇದನ್ನು ಹೇಳುವುದು ಸುಲಭ. ಇಲ್ಲಿ ಹಾಕಿ ಗೊತ್ತಿಲ್ಲದ ಮನೆ ಕಡಿಮೆ. 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿಯನ್ನು ನೋಡುತ್ತಲೇ ಬೆಳೆದ ಮಕ್ಕಳು ನನ್ನ ಹತ್ತಿರ ಬರುತ್ತಾರೆ. ಅವರನ್ನು ಕೇಳುತ್ತೇನೆ: ಪೆನಾಲ್ಟಿ ಕಾರ್ನರ್ ಸಿಕ್ಕಾಗ ತಂಡದವರು ಅಲ್ಲೇ ನಿಂತು ಚರ್ಚೆ ಮಾಡುತ್ತಾರಾ? ಇಲ್ಲ, ಅಲ್ವಾ. ಬಾಲ್ ತಳ್ಳುವವನು ಒಬ್ಬ, ನಿಲ್ಲಿಸುವವನು ಒಬ್ಬ, ಹೊಡೆಯುವವನು ಒಬ್ಬ. ಹೊಡೆತಕ್ಕೆ ದಾರಿ ಮುಚ್ಚಿದರೆ ಬಾಲ್ ಯಾರಿಗೆ ಹೋಗಬೇಕು ಎನ್ನುವುದೂ ಗೊತ್ತಿರುತ್ತದೆ. ಬಾಸ್ಕೆಟ್‌ಬಾಲ್‌ನ ಕೊನೆಯ ಆಟವೂ ಹಾಗೇ ತಯಾರಾಗಿರಬೇಕು.

ಮೊದಲು ನಿಯಮ ಸರಿಯಾಗಿ ತಿಳಿದಿರಲಿ

ಮಕ್ಕಳು ಮೊಬೈಲ್‌ನಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ನೋಡುತ್ತಾರೆ. ಇಲ್ಲಿ ಆಡುವುದು ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆಯ, ಅಂದರೆ ಫಿಬಾದ, ನಿಯಮದಲ್ಲಿ. ಈ ವ್ಯತ್ಯಾಸದಿಂದಲೇ ಪಂದ್ಯ ಕೈತಪ್ಪಬಹುದು.

ಎನ್‌ಬಿಎಯಲ್ಲಿ ಬಾಲ್ ಕೈಯಲ್ಲಿರುವ ಆಟಗಾರನೇ ಟೈಮ್ ಔಟ್ ಕೇಳಬಹುದು. ಫಿಬಾದಲ್ಲಿ ಆಟಗಾರ ಕೇಳುವಂತಿಲ್ಲ. ಕೋಚ್ ಸ್ಕೋರರ್ ಮೇಜಿಗೆ ಹೇಳಬೇಕು. ಆಟ ನಡೆಯುತ್ತಿರುವಾಗ ಅದು ಸಿಗುವುದೂ ಇಲ್ಲ. ಬಾಲ್ ಡೆಡ್ ಆಗಿ ಗಡಿಯಾರ ನಿಂತಿರಬೇಕು, ಇಲ್ಲವೇ ಎದುರಾಳಿ ಬಾಸ್ಕೆಟ್ ಹಾಕಿರಬೇಕು. ಆದ್ದರಿಂದ ಎದುರಾಳಿ ಶಾಟ್ ಹೊಡೆಯುವ ಮೊದಲೇ ಮೇಜಿಗೆ ಹೇಳಿಟ್ಟಿರಿ. ಬಾಸ್ಕೆಟ್ ಆದ ತಕ್ಷಣ ಟೈಮ್ ಔಟ್ ಸಿಗುತ್ತದೆ. ದ್ವಿತೀಯಾರ್ಧಕ್ಕೆ 3 ಟೈಮ್ ಔಟ್ ಇದ್ದರೂ ನಾಲ್ಕನೇ ಕ್ವಾರ್ಟರಿನ ಕೊನೆಯ 2 ನಿಮಿಷದಲ್ಲಿ ಹೆಚ್ಚೆಂದರೆ 2 ಮಾತ್ರ ಬಳಸಬಹುದು. ಅಷ್ಟರವರೆಗೆ ಮೂರನ್ನೂ ಉಳಿಸಿಕೊಂಡು ಕೂತರೆ ಒಂದು ಸುಮ್ನೆ ಹೋಯಿತು.

ಕೊನೆಯ 2 ನಿಮಿಷದಲ್ಲಿ ಬಾಸ್ಕೆಟ್ ಆದರೆ ಗಡಿಯಾರ ನಿಲ್ಲುತ್ತದೆ. ನಮ್ಮ ಅರ್ಧದಲ್ಲಿ ಗೆರೆಯ ಹೊರಗಿನಿಂದ ಬಾಲ್ ಒಳಗೆ ಹಾಕಬೇಕಾದಾಗ (ಥ್ರೋ ಇನ್) ಟೈಮ್ ಔಟ್ ತೆಗೆದುಕೊಂಡರೆ, ಎದುರಿನ ಅರ್ಧದಿಂದಲೇ ಥ್ರೋ ಇನ್ ಮಾಡುತ್ತೇವೆ ಎಂದು ಕೋಚ್ ಆರಿಸಿಕೊಳ್ಳಬಹುದು. ಆಗ ಶಾಟ್ ಕ್ಲಾಕ್‌ನಲ್ಲಿ, ಅಂದರೆ ಶಾಟ್ ಹೊಡೆಯಲು ಕೊಡುವ ಸಮಯದ ಗಡಿಯಾರದಲ್ಲಿ, 24 ಸೆಕೆಂಡ್ ಸಿಗುವುದಿಲ್ಲ, ಹೆಚ್ಚೆಂದರೆ 14. ನಮ್ಮ ಶಾಟ್ ರಿಂಗಿಗೆ ತಾಗಿ ಪುಟಿದ ಬಾಲನ್ನು (ರಿಬೌಂಡ್) ನಾವೇ ಹಿಡಿದರೂ 14. ಒಂದು ಕ್ವಾರ್ಟರಿನಲ್ಲಿ ತಂಡದ ಐದನೇ ಫೌಲ್‌ನಿಂದ ಎದುರಾಳಿಗೆ ಎರಡು ಫ್ರೀ ಥ್ರೋ (ಯಾರೂ ಅಡ್ಡಬರದ ಹೊಡೆತ), ಬಾಲ್ ನಮ್ಮ ಕೈಯಲ್ಲಿದ್ದಾಗ ನಾವೇ ಮಾಡುವ ಫೌಲ್ ಬಿಟ್ಟು. ಇಬ್ಬರೂ ಬಾಲ್ ಹಿಡಿದು ಎಳೆದಾಡಿದರೆ ಮೇಜಿನ ಮೇಲಿನ ಬಾಣ ತೋರಿಸುವ ತಂಡಕ್ಕೆ ಬಾಲ್. ಕೊನೆಗೆ ಆ ಬಾಣ ಯಾರ ಕಡೆಗಿದೆ ಎಂದು ಒಮ್ಮೆ ನೋಡಿಕೊಳ್ಳಿ.

ಊರಿನ ಟೂರ್ನಮೆಂಟಿನಲ್ಲಿ ಎಷ್ಟೋ ಸಲ ಶಾಟ್ ಕ್ಲಾಕ್ ಬೋರ್ಡ್ ಇರುವುದಿಲ್ಲ. ಹಾಗಿದ್ದರೆ ಬೆಂಚಿನ ಮೇಲಿರುವ ಒಬ್ಬರಿಗೆ ಗಟ್ಟಿಯಾಗಿ ಎಣಿಸುವ ಕೆಲಸ ಕೊಡಿ. ಅದು ಸಣ್ಣ ಕೆಲಸ ಅಲ್ಲ. ಎಣಿಸಲು ಬರುವವರನ್ನೇ ಕೂರಿಸಿ.

ಮೂರು ಪ್ರಶ್ನೆ, ಪ್ರತಿ ಸಲ

ಗಡಿಯಾರ ನಿಂತಾಗಲೆಲ್ಲ ಅಂಕಣದಲ್ಲಿರುವ ಐದೂ ಜನ ಮೂರು ವಿಷಯ ಬಾಯಿಬಿಟ್ಟು ಹೇಳಬೇಕು: ಎಷ್ಟು ಪಾಯಿಂಟ್ ಅಂತರ, ಎಷ್ಟು ಸೆಕೆಂಡ್ ಬಾಕಿ, ಎದುರಾಳಿಗೆ ಎಷ್ಟು ತಂಡದ ಫೌಲ್ ಆಗಿದೆ. ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು. ಒಬ್ಬರಿಗೊಬ್ಬರು ಹೇಳಬೇಕು.

ಇದು ಮಕ್ಕಳಿಗೆ ಮಾತ್ರ ಬೇಕಾದ ಪಾಠ ಎಂದುಕೊಳ್ಳಬೇಡಿ. 2018ರ ಎನ್‌ಬಿಎ ಫೈನಲ್ಸ್‌ನ ಮೊದಲ ಪಂದ್ಯದಲ್ಲಿ ಸ್ಕೋರ್ 107–107 ಸಮ ಇತ್ತು. 4.7 ಸೆಕೆಂಡ್ ಬಾಕಿ ಇರುವಾಗ ತಪ್ಪಿದ ಫ್ರೀ ಥ್ರೋವನ್ನು ಕ್ಲೀವ್‌ಲ್ಯಾಂಡಿನ ಜೆ.ಆರ್. ಸ್ಮಿತ್ ರಿಂಗಿನ ಪಕ್ಕದಲ್ಲೇ ಹಿಡಿದರು. ಶಾಟ್ ಹೊಡೆಯದೆ ಡ್ರಿಬಲ್ ಮಾಡುತ್ತಾ ಹೊರಗೆ ಬಂದರು. ಸಮಯ ಮುಗಿಯಿತು. ಓವರ್‌ಟೈಮ್‌ನಲ್ಲಿ ಗೋಲ್ಡನ್ ಸ್ಟೇಟ್ 124–114ರಿಂದ ಗೆದ್ದಿತು. ಆ ವಿಡಿಯೋ ತೋರಿಸಿ ನಾನು ಮಕ್ಕಳಿಗೆ ಇಷ್ಟೇ ಹೇಳುತ್ತೇನೆ: ಫ್ರೀ ಥ್ರೋಗೆ ಸಾಲಾಗಿ ನಿಂತಿರುವಾಗ ಬೇಕಾದಷ್ಟು ಸಮಯ ಇರುತ್ತದೆ. ಪಕ್ಕದವನಿಗೆ ಸ್ಕೋರ್ ಹೇಳಿ.

ಫೌಲ್ ಲೆಕ್ಕ ಯಾಕೆ? ಎದುರಾಳಿಗೆ ಆಗಲೇ 4 ಫೌಲ್ ಆಗಿದ್ದರೆ ರಿಂಗಿನ ಕಡೆಗೆ ನುಗ್ಗುವುದು ಲಾಭ. ಮುಟ್ಟಿದರೆ ನಮಗೆ ಫ್ರೀ ಥ್ರೋ. 2 ಫೌಲ್ ಮಾತ್ರ ಆಗಿದ್ದರೆ ಪರಿಸ್ಥಿತಿ ಬೇರೆ. ಅವರು ಬೇಕೆಂದೇ ಫೌಲ್ ಮಾಡಿ ನಮ್ಮ ಆಟವನ್ನು ಅರ್ಧಕ್ಕೆ ನಿಲ್ಲಿಸಬಹುದು. ಎರಡು ಸಲ ಹಾಗೆ ಮಾಡಿದರೂ ಅವರಿಗೆ ನಷ್ಟ ಇಲ್ಲ, ನಮ್ಮ ಸೆಕೆಂಡುಗಳು ಮಾತ್ರ ಹೋಗುತ್ತವೆ. ಅಂಥ ಹೊತ್ತಿನಲ್ಲಿ ಆಟವನ್ನು ಮೂರು ನಾಲ್ಕು ಸೆಕೆಂಡ್ ಬೇಗ ಶುರುಮಾಡಿ.

ಮುಂದೆ ಇದ್ದರೆ

ನಾಲ್ಕೈದು ಪಾಯಿಂಟ್ ಮುಂದೆ ಇರುವಾಗ ತಂಡಗಳು ಮಾಡುವ ತಪ್ಪು ಒಂದೇ. ಆಟ ಆಡುವುದನ್ನೇ ನಿಲ್ಲಿಸುತ್ತಾರೆ. ಬಾಲ್ ಹಿಡಿದು ಸುಮ್ನೆ ಪುಟಿಸುತ್ತಾ, ಶಾಟ್ ಕ್ಲಾಕ್‌ನಲ್ಲಿ 4 ಸೆಕೆಂಡ್ ಉಳಿದಾಗ ಗಾಬರಿಯಿಂದ ಏನೋ ಎಸೆಯುತ್ತಾರೆ. ಸಮಯ ಕಳೆಯಬೇಕು ನಿಜ, ಆದರೆ ಒಳ್ಳೆ ಶಾಟ್ ಸಿಗುವಷ್ಟು ಸಮಯ ಕೈಯಲ್ಲಿಟ್ಟುಕೊಂಡು ಕಳೆಯಬೇಕು. ಶಾಟ್ ಕ್ಲಾಕ್‌ನಲ್ಲಿ 10 ಬಂದಾಗ ಆಟ ಶುರು ಎಂದು ನಮ್ಮ ತಂಡದಲ್ಲಿ ಕಡ್ಡಾಯ. ಯಾರೂ ಕಾಯದ ಲೇಅಪ್, ಅಂದರೆ ರಿಂಗಿನ ಪಕ್ಕದಿಂದಲೇ ಹಾಕುವ ಶಾಟ್, ಸಿಕ್ಕರೆ ಮಾತ್ರ ಯಾವಾಗ ಬೇಕಾದರೂ ಹಾಕಿ.

24 ಸೆಕೆಂಡಿಗಿಂತ ಕಡಿಮೆ ಉಳಿದು ನಾವು ಮುಂದಿದ್ದರೆ ಅವರು ಫೌಲ್ ಮಾಡಲೇಬೇಕು. ಆಗ ಬಾಲ್ ಯಾರ ಕೈಯಲ್ಲಿರಬೇಕು? ಫ್ರೀ ಥ್ರೋ ಚೆನ್ನಾಗಿ ಹಾಕುವವರ ಕೈಯಲ್ಲಿ. ಎತ್ತರದ ಹುಡುಗನನ್ನು ಆ ಹೊತ್ತಿಗೆ ಹೊರಗೆ ಕೂರಿಸಬೇಕಾಗಿ ಬಂದರೆ ಕೂರಿಸಿ. ಅವನಿಗೆ ಬೇಜಾರಾಗದಂತೆ ಯಾಕೆ ಎಂದು ಮೊದಲೇ ಹೇಳಿಡಿ. ಬಾಲ್ ಹಿಡಿದು ಮೂಲೆಗೆ ಹೋಗಬೇಡಿ. ಎರಡು ಗೆರೆ ಮತ್ತು ಇಬ್ಬರು ಡಿಫೆಂಡರ್, ನಾಲ್ಕೂ ಕಡೆ ಬೇಲಿ ಹಾಕಿದಂತೆ ಆಗುತ್ತದೆ.

ಸಮ ಇದ್ದರೆ

ಕೊನೆಯ ಶಾಟ್ ನಮ್ಮದಾಗಿರಲಿ. 24 ಸೆಕೆಂಡಿಗಿಂತ ಕಡಿಮೆ ಇದ್ದರೆ ಲೆಕ್ಕ ಸುಲಭ: ಸುಮಾರು 9 ಸೆಕೆಂಡ್ ಇರುವಾಗ ಆಟ ಶುರು, 3 ಅಥವಾ 4 ಇರುವಾಗ ಶಾಟ್. ಗಡಿಯಾರ ಸೊನ್ನೆಗೆ ಬರುವಾಗ ಹೊಡೆಯುವುದು ನೋಡಲು ಚೆಂದ. ಆದರೆ ತಪ್ಪಿದರೆ ರಿಬೌಂಡ್ ಹಿಡಿದು ಮತ್ತೆ ಹಾಕಲು ಒಂದೂ ಸೆಕೆಂಡ್ ಉಳಿಯುವುದಿಲ್ಲ. ಆ ಎರಡು ಮೂರು ಸೆಕೆಂಡ್ ನಮಗೆ ಬೇಕು.

40 ಸೆಕೆಂಡ್ ಇದ್ದರೆ? ಪೂರ್ತಿ 24 ತೆಗೆದುಕೊಂಡರೆ ಅವರಿಗೆ 16 ಸೆಕೆಂಡ್ ಉಳಿಯುತ್ತದೆ, ಕೊನೆಯ ಶಾಟ್ ಅವರದಾಗುತ್ತದೆ. ಅದರ ಬದಲು 33ರ ಹೊತ್ತಿಗೆ ನಾವು ಶಾಟ್ ಹೊಡೆದರೆ, ಅವರು ಪೂರ್ತಿ 24 ಬಳಸಿದರೂ ನಮಗೆ ಸುಮಾರು 9 ಸೆಕೆಂಡ್ ವಾಪಸ್ ಸಿಗುತ್ತದೆ. ನಮಗೆ ಎರಡು ಅವಕಾಶ, ಅವರಿಗೆ ಒಂದು. ಆದರೆ ಈ ಲೆಕ್ಕದ ಹಿಂದೆ ಬಿದ್ದು ಕೆಟ್ಟ ಶಾಟ್ ಹೊಡೆಯಬೇಡಿ. ಒಳ್ಳೆ ಶಾಟ್ ಸಿಗದಿದ್ದರೆ ಲೆಕ್ಕ ಬಿಟ್ಟು ಶಾಂತವಾಗಿ ಆಡಿ.

ಹಿಂದೆ ಇದ್ದರೆ

ಒಂದು ಪಾಯಿಂಟ್ ಹಿಂದೆ ಇದ್ದರೆ ಎರಡು ಪಾಯಿಂಟ್ ಸಾಕು. ರಿಂಗಿನ ಕಡೆ ನುಗ್ಗಿ. ಕೊನೆಯ ಕ್ಷಣದವರೆಗೆ ಕಾಯಬೇಡಿ. 6 ಅಥವಾ 7 ಸೆಕೆಂಡ್ ಇರುವಾಗ ಶಾಟ್ ಹೋಗಲಿ. ತಪ್ಪಿದರೆ ರಿಬೌಂಡ್, ಅದೂ ಇಲ್ಲದಿದ್ದರೆ ಫೌಲ್ ಮಾಡಲು ಸಮಯ ಬೇಕು.

ಎರಡು ಪಾಯಿಂಟ್ ಹಿಂದೆ ಇದ್ದು ಒಂದೇ ಶಾಟಿಗೆ ಸಮಯ ಇದ್ದರೆ ಎರಡಾ ಮೂರಾ? ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸೋಣ. ಹತ್ತಿರದ ಶಾಟ್ ನಿಮ್ಮ ತಂಡಕ್ಕೆ 10ರಲ್ಲಿ 5 ಬೀಳುತ್ತದೆ ಅಂದುಕೊಳ್ಳಿ. ಬಿದ್ದರೂ ಪಂದ್ಯ ಗೆದ್ದಂತಲ್ಲ, 5 ನಿಮಿಷದ ಓವರ್‌ಟೈಮ್ ಅಷ್ಟೆ. ಅದನ್ನು ಗೆಲ್ಲುವ ಸಾಧ್ಯತೆ ಅರ್ಧಕ್ಕರ್ಧ. ಅಂದರೆ ನಾಲ್ಕು ಪಂದ್ಯದಲ್ಲಿ ಒಂದು ಗೆಲುವು. ತ್ರೀ ಪಾಯಿಂಟರ್ 10ರಲ್ಲಿ 3 ಬಿದ್ದರೂ ಮೂರು ಸಲ ಗೆಲುವು ಅಲ್ಲೇ ಸಿಕ್ಕಿತು. ಕಾಗದದ ಮೇಲೆ ಮೂರೇ ಮೇಲು. ಆದರೆ ನಿಮ್ಮ ತಂಡದಲ್ಲಿ, ಡಿಫೆಂಡರ್ ಮುಖದ ಮುಂದೆ ಕೈ ಹಿಡಿದಿರುವಾಗ, ಕಾಲು ಸೋತಿರುವಾಗ, 6.75 ಮೀಟರ್ ದೂರದಿಂದ 10ರಲ್ಲಿ 3 ಹಾಕುವವರು ಇದ್ದಾರಾ? ನನ್ನ ಹೈಸ್ಕೂಲ್ ಹುಡುಗರಲ್ಲಿ ಹೆಚ್ಚಿನವರಿಗೆ ಒಂದೋ ಎರಡೋ ಬೀಳುತ್ತದೆ. ಹಾಗಾಗಿ ನಾನು ಒಳಗೆ ನುಗ್ಗಲು ಹೇಳುತ್ತೇನೆ, ಫೌಲ್ ಸಿಗುವ ಸಾಧ್ಯತೆಯೂ ಅಲ್ಲಿ ಜಾಸ್ತಿ. ಒಬ್ಬ ನಿಜವಾದ ಶೂಟರ್ ಇದ್ದ ವರ್ಷ ಮಾತ್ರ ಬೇರೆ ಹೇಳಿದ್ದೆ. ನೀವೂ ಅಭ್ಯಾಸದಲ್ಲಿ ಎಣಿಸಿ, ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಅಂದಾಜಿನ ಮೇಲೆ ತೀರ್ಮಾನ ಬೇಡ.

ಮೂರು ಹಿಂದೆ ಇದ್ದರೆ ಗಡಿಯಾರ ನೋಡಿ. 15 ಸೆಕೆಂಡಿಗಿಂತ ಜಾಸ್ತಿ ಇದ್ದು ಒಳಗೆ ಸುಲಭದ ಎರಡು ಸಿಗುವುದಾದರೆ ಬೇಗ ಹಾಕಿ. ಗಡಿಯಾರ ನಿಲ್ಲುತ್ತದೆ. ಅವರ ಥ್ರೋ ಇನ್ ಕದಿಯಲು ನೋಡಿ, ಆಗದಿದ್ದರೆ ಬಾಲ್ ಒಳಗೆ ಬಂದ ತಕ್ಷಣ ಫೌಲ್. ಬಾಲ್ ಇನ್ನೂ ಥ್ರೋ ಇನ್ ಮಾಡುವವರ ಕೈಯಲ್ಲಿರುವಾಗ ಫೌಲ್ ಮಾಡಬೇಡಿ. ಈಗಿನ ನಿಯಮದಲ್ಲಿ ಕೊನೆಯ 2 ನಿಮಿಷದಲ್ಲಿ ಹಾಗಾದರೆ ಅವರಿಗೆ ಒಂದು ಫ್ರೀ ಥ್ರೋ, ಜೊತೆಗೆ ಬಾಲ್ ಕೂಡ. 10 ಸೆಕೆಂಡಿಗಿಂತ ಕಡಿಮೆ ಇದ್ದರೆ ಎರಡರ ಯೋಚನೆ ಬಿಡಿ, ಮೂರಕ್ಕೇ ಹೋಗಿ. ಎದುರಾಳಿ ಬುದ್ಧಿವಂತರಾದರೆ ಶಾಟ್‌ಗೆ ಮೊದಲೇ ಫೌಲ್ ಮಾಡಿ ಎರಡು ಫ್ರೀ ಥ್ರೋಗೆ ಕಳಿಸುತ್ತಾರೆ, ಆದ್ದರಿಂದ ಬಾಲ್ ಹಿಡಿದು ನಿಲ್ಲದೆ ಹಿಡಿದ ಉಸಿರಿಗೇ ಹೊಡೆಯುವವರಿಗೆ ಪಾಸ್ ಹೋಗಬೇಕು.

ಯಾವ ಆಟ?

ಹೊಸ ಆಟ ಬೇಡ. ಇಡೀ ಪಂದ್ಯದಲ್ಲಿ ಯಾವುದು ಚೆನ್ನಾಗಿ ನಡೆದಿದೆಯೋ ಅದೇ. ನಮ್ಮದು ತುಂಬಾ ಸರಳ, ಅದನ್ನೇ ಹೇಳುತ್ತೇನೆ.

ಬಾಲ್ ಅಂಕಣದ ನಡುವೆ ಗಾರ್ಡ್ ಕೈಯಲ್ಲಿ. ಇಬ್ಬರು ಶೂಟರ್‌ಗಳು ಎಡ ಬಲ ಮೂಲೆಗಳಲ್ಲಿ, ಹಿಮ್ಮಡಿ ಅಂಕಣದ ಗಡಿಗೆರೆಗೆ ತೀರಾ ಹತ್ತಿರ ಬರುವಷ್ಟು ಹೊರಗೆ, ಆದರೆ ಗೆರೆ ಮುಟ್ಟದೆ. ನಾಲ್ಕನೆಯವನು ಎಡಗಡೆ ತ್ರೀ ಪಾಯಿಂಟ್ ಗೆರೆಯ ಹೊರಗೆ. ಎತ್ತರದವನು ಬಂದು ಗಾರ್ಡ್‌ನ ಡಿಫೆಂಡರಿಗೆ ಬಲಗಡೆ ಸ್ಕ್ರೀನ್ ಕೊಡುತ್ತಾನೆ, ಅಂದರೆ ಡಿಫೆಂಡರ್ ದಾರಿಗೆ ಅಡ್ಡ ನಿಲ್ಲುತ್ತಾನೆ. ಗಾರ್ಡ್ ಆ ಎತ್ತರದವನ ಭುಜಕ್ಕೆ ಭುಜ ಸವರುವಷ್ಟು ಹತ್ತಿರದಿಂದ ಹಾದು ಒಳಗೆ ನುಗ್ಗುತ್ತಾನೆ. ಮಧ್ಯೆ ಒಂದು ಅಡಿ ಜಾಗ ಬಿಟ್ಟರೂ ಡಿಫೆಂಡರ್ ತೂರಿಬಿಡುತ್ತಾನೆ. ಸ್ಕ್ರೀನ್ ಕೊಟ್ಟವನು ತಿರುಗಿ ರಿಂಗಿಗೆ ಓಡುತ್ತಾನೆ. ಈಗ ಗಾರ್ಡ್ ನೋಡಬೇಕಾದ್ದು ಕ್ರಮವಾಗಿ: ರಿಂಗು ಖಾಲಿ ಇದೆಯಾ, ಇದ್ದರೆ ಲೇಅಪ್. ಎತ್ತರದವರ ಡಿಫೆಂಡರ್ ತನ್ನ ಕಡೆ ಬಂದನಾ, ಬಂದರೆ ರಿಂಗಿಗೆ ಓಡುತ್ತಿರುವವನಿಗೆ ಪಾಸ್. ಮೂಲೆಯಿಂದ ಯಾರಾದರೂ ಒಳಗೆ ಸಹಾಯಕ್ಕೆ ಬಂದನಾ, ಬಂದರೆ ಆ ಮೂಲೆಗೆ ಪಾಸ್.

ಈ ಮೂರನೆಯದೇ ಎಷ್ಟೋ ಪಂದ್ಯ ಗೆಲ್ಲಿಸಿದೆ. ತಂಡದ ಅತ್ಯುತ್ತಮ ಆಟಗಾರನಿಗೇ ಬಾಲ್ ಕೊಡಿ, ಸರಿ. ಆದರೆ ಅವನೇ ಹೊಡೆಯಬೇಕೆಂದಿಲ್ಲ. 1997ರ ಎನ್‌ಬಿಎ ಫೈನಲ್ಸ್‌ನ ಆರನೇ ಪಂದ್ಯ, ಸ್ಕೋರ್ 86–86. ಬಾಲ್ ಮೈಕಲ್ ಜೋರ್ಡನ್ ಕೈಯಲ್ಲಿ. ಅವರೇ ಹೊಡೆಯುತ್ತಾರೆ ಎಂದು ಕ್ರೀಡಾಂಗಣದಲ್ಲಿ ಎಲ್ಲರಿಗೂ ಗೊತ್ತಿತ್ತು. ಎದುರು ತಂಡದ ಜಾನ್ ಸ್ಟಾಕ್ಟನ್ ತಾವು ಕಾಯುತ್ತಿದ್ದ ಆಟಗಾರನನ್ನು ಬಿಟ್ಟು ಜೋರ್ಡನ್ ಕಡೆ ಓಡಿದರು. ಜೋರ್ಡನ್ ಬಾಲನ್ನು ಖಾಲಿ ನಿಂತಿದ್ದ ಸ್ಟೀವ್ ಕೆರ್‌ಗೆ ಕೊಟ್ಟರು. ಕೆರ್ ಹಾಕಿದರು. ಚಿಕಾಗೋ 90–86ರಿಂದ ಗೆದ್ದು ಚಾಂಪಿಯನ್ ಆಯಿತು. ಜೋರ್ಡನ್‌ಗಿಂತ ದೊಡ್ಡ ಆಟಗಾರ ನಿಮ್ಮ ತಂಡದಲ್ಲಿ ಇರಲಾರ. ಅವರೇ ಪಾಸ್ ಕೊಟ್ಟ ಮೇಲೆ ನಮ್ಮವರಿಗೆ ಕೊಡಲು ಏನು ಕಷ್ಟ?

ಯಾವ ಡಿಫೆಂಡರ್ ಮೇಲೆ ನುಗ್ಗಬೇಕು ಎಂಬುದನ್ನೂ ನೋಡಿ. ತನ್ನದೇ 4 ಫೌಲ್ ಆಗಿರುವವನು ಐದನೆಯದಾದರೆ ಆಟದಿಂದ ಹೊರಗೆ ಎಂದು ಹೆದರಿ ಕೈ ಹಿಂದೆ ತೆಗೆಯುತ್ತಾನೆ. ಅವನು ಕಾಯುತ್ತಿರುವವನನ್ನೇ ಸ್ಕ್ರೀನ್ ಕೊಡಲು ಕಳಿಸಿ. ಅವರಿಬ್ಬರು ಡಿಫೆಂಡರ್‌ಗಳು ಜಾಗ ಬದಲಿಸಿಕೊಂಡರೆ ಗಾರ್ಡ್ ಎದುರು ಅವನೇ ಬಂದು ನಿಲ್ಲುತ್ತಾನೆ.

ಬಾಲ್ ಒಳಗೆ ಹಾಕುವವನು

ಥ್ರೋ ಇನ್ ಮಾಡಲು ಸುಮ್ಮನೆ ಹತ್ತಿರ ಇದ್ದವನನ್ನು ಕಳಿಸಬೇಡಿ. ಒಳ್ಳೆ ಪಾಸ್ ಕೊಡುವವನು, ಎತ್ತರ ಇದ್ದರೆ ಇನ್ನೂ ಒಳ್ಳೆಯದು, ತಲೆ ತಣ್ಣಗಿರಬೇಕು. ಕೈಯಲ್ಲಿರುವುದು 5 ಸೆಕೆಂಡ್. ನಾಲ್ಕು ಎಣಿಸುವಷ್ಟರಲ್ಲಿ ಯಾರೂ ಸಿಗದಿದ್ದರೆ ಏನು ಎನ್ನುವುದೂ ತೀರ್ಮಾನ ಆಗಿರಲಿ. ನಮ್ಮಲ್ಲಿ ಒಬ್ಬ ಯಾವಾಗಲೂ ಬಾಲ್ ಹಾಕುವವನ ಕಡೆಗೇ ಓಡಿ ಬರುತ್ತಾನೆ. 

1972ರ ಮ್ಯೂನಿಕ್ ಒಲಿಂಪಿಕ್ಸ್ ಫೈನಲ್. 3 ಸೆಕೆಂಡ್ ಇರುವಾಗ ಡಗ್ ಕಾಲಿನ್ಸ್ ಎರಡು ಫ್ರೀ ಥ್ರೋ ಹಾಕಿ ಅಮೆರಿಕವನ್ನು 50–49 ಮುಂದೆ ತಂದರು. ಆ 3 ಸೆಕೆಂಡನ್ನು ಮತ್ತೆ ಮತ್ತೆ ಆಡಿಸಿದ್ದಕ್ಕೆ ಆದ ಜಗಳ ಇಂದಿಗೂ ಮುಗಿದಿಲ್ಲ, ಅದನ್ನು ಇಲ್ಲಿ ಬಿಡೋಣ. ಕೊನೆಗೆ ಇವಾನ್ ಎದೆಶ್ಕೊ ಇಡೀ ಅಂಕಣದ ಉದ್ದಕ್ಕೆ ಎಸೆದ ಪಾಸನ್ನು ಅಲೆಕ್ಸಾಂಡರ್ ಬೆಲೋವ್ ರಿಂಗಿನ ಹತ್ತಿರ ಹಿಡಿದು ಹಾಕಿದರು. ಸೋವಿಯತ್ ಒಕ್ಕೂಟ 51–50. ಅಂಕಣ 28 ಮೀಟರ್ ಉದ್ದ. ಅಷ್ಟು ದೂರ ಸರಿಯಾಗಿ ಎಸೆಯುವ ಕೈ ನಿಮ್ಮ ತಂಡದಲ್ಲಿ ಯಾರದು? ಕ್ರಿಕೆಟ್‌ನಲ್ಲಿ ಬೌಂಡರಿಯಿಂದ ಥ್ರೋ ಮಾಡುವ ಹುಡುಗನನ್ನು ಒಮ್ಮೆ ಪರೀಕ್ಷಿಸಿ ನೋಡಿ. ನನಗೆ ಹಾಗೇ ಒಬ್ಬ ಸಿಕ್ಕಿದ.

ತೀರಾ ಕಡಿಮೆ ಸಮಯ ಇದ್ದರೆ ನೆನಪಿಡಿ: 0.3 ಸೆಕೆಂಡ್ ಇದ್ದರೆ ಹಿಡಿದು ಹೊಡೆಯಲು ಅವಕಾಶ ಇದೆ. 0.2 ಅಥವಾ 0.1 ಇದ್ದರೆ ಗಾಳಿಯಲ್ಲೇ ತಟ್ಟಬೇಕು, ಇಲ್ಲವೇ ನೇರ ಡಂಕ್, ಅಂದರೆ ಮೇಲಿನಿಂದ ಕೈಯಿಂದಲೇ ರಿಂಗಿನೊಳಗೆ ತಳ್ಳುವುದು.

ತಪ್ಪಿದ ಶಾಟ್ ಕೂಡ ಆಟದ ಭಾಗ

ಕೊನೆಯ ಶಾಟ್ ಹೋದ ಕೂಡಲೇ ಎಲ್ಲರೂ ನಿಂತು ಬಾಲ್ ನೋಡುತ್ತಾರೆ. ಡಿಫೆಂಡರ್‌ಗಳೂ ನೋಡುತ್ತಾರೆ. ಆ ಒಂದು ಕ್ಷಣ ನೋಡದೆ ಓಡುವವನಿಗೆ ಬಾಲ್ ಸಿಗುತ್ತದೆ. 2013ರ ಎನ್‌ಬಿಎ ಫೈನಲ್ಸ್‌ನ ಆರನೇ ಪಂದ್ಯದಲ್ಲಿ ಮಯಾಮಿ 3 ಪಾಯಿಂಟ್ ಹಿಂದೆ ಇತ್ತು. ಲೆಬ್ರಾನ್ ಜೇಮ್ಸ್ ಶಾಟ್ ತಪ್ಪಿತು. ಕ್ರಿಸ್ ಬಾಶ್ ರಿಬೌಂಡ್ ಹಿಡಿದರು. ರೇ ಅಲೆನ್ ಹಿಂದೆ ಹಿಂದೆ ಹೆಜ್ಜೆ ಇಡುತ್ತಾ, ಗೆರೆಯ ಆಚೆ ಮೂಲೆಗೆ ಹೋಗಿ, 5.2 ಸೆಕೆಂಡ್ ಇರುವಾಗ ಮೂರು ಹಾಕಿದರು. ಗೆರೆಯನ್ನು ನೋಡದೆ ಆ ಹಿಂದಿನ ಹೆಜ್ಜೆಗಳನ್ನು ಇಡಬೇಕಾದರೆ ಎಷ್ಟು ಅಭ್ಯಾಸ ಇರಬೇಕು! ಅದೃಷ್ಟ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ನಮ್ಮಲ್ಲಿ ಶಾಟ್ ಹೊಡೆದ ಮೇಲೆ ಇಬ್ಬರು ರಿಂಗಿಗೆ ಓಡುತ್ತಾರೆ, ಅದರಲ್ಲೂ ಶಾಟ್ ಹೋದ ಕಡೆಗಿಂತ ಎದುರು ಬದಿಗೆ. ಮೂಲೆಯಿಂದ ಹೊಡೆದ ಬಾಲ್ ಹೆಚ್ಚಾಗಿ ಆಚೆ ಬದಿಗೆ ಪುಟಿಯುತ್ತದೆ. ಹಿಂದೆ ಇದ್ದರೆ ಇಬ್ಬರ ಬದಲು ಮೂವರು.

ಅಭ್ಯಾಸ

ಅಭ್ಯಾಸದ ಕೊನೆಯ 15 ನಿಮಿಷ, ಎಲ್ಲರೂ ಓಡಿ ಸುಸ್ತಾದ ಮೇಲೆ. ಮೊದಲೇ ಮಾಡಿದರೆ ಪ್ರಯೋಜನ ಇಲ್ಲ. ಒಂದು ಡಬ್ಬಿಯಲ್ಲಿ ಚೀಟಿ ಹಾಕಿಡುತ್ತೇನೆ: "2 ಹಿಂದೆ, 11 ಸೆಕೆಂಡ್, ಟೈಮ್ ಔಟ್ ಇಲ್ಲ." "ಸಮ, 38 ಸೆಕೆಂಡ್, ಅವರಿಗೆ 4 ಫೌಲ್." ಒಬ್ಬರು ಚೀಟಿ ಎತ್ತುತ್ತಾರೆ, 20 ಸೆಕೆಂಡ್ ಮಾತಾಡಿಕೊಳ್ಳುತ್ತಾರೆ, ಆಡುತ್ತಾರೆ. ನಾನು ಬಾಯಿ ಹಾಕುವುದಿಲ್ಲ. ಮುಗಿದ ಮೇಲೆ ಯಾಕೆ ಹಾಗೆ ಆಡಿದಿರಿ ಎಂದು ಕೇಳುತ್ತೇನೆ.

ಜೂನ್ ಬಂದರೆ ಇಲ್ಲಿ ಹೊರಗಿನ ಅಂಕಣದಲ್ಲಿ ಆಡಲು ಆಗುವುದಿಲ್ಲ. ಕಾಂಕ್ರೀಟ್ ಮೇಲೆ ಪಾಚಿ ಕಟ್ಟುತ್ತದೆ, ಕಾಲು ಜಾರಿದರೆ ಇಡೀ ವರ್ಷ ಹೋಯಿತು. ಆಗ ಕ್ಲಾಸ್‌ರೂಮಿನ ಬೆಂಚೇ ಅಂಕಣ. ಸೀಮೆಸುಣ್ಣದಲ್ಲಿ ಗೆರೆ, ಐದು ಕಾಫಿ ಬೀಜ ನಮ್ಮ ತಂಡ, ಐದು ಕರಿಮೆಣಸಿನ ಕಾಳು ಎದುರಾಳಿ, ಒಂದು ರೂಪಾಯಿ ನಾಣ್ಯ ರಿಂಗು. ಕಾಳು ಸ್ಕ್ರೀನಿಗೆ ಸಿಕ್ಕಿಬಿದ್ದರೆ ಬೀಜ ಎಲ್ಲಿಗೆ ಹೋಗಬೇಕು? ಪ್ರತಿಯೊಬ್ಬರೂ ಐದೂ ಬೀಜಗಳನ್ನು ತಾವೇ ಸರಿಸಿ ತೋರಿಸಬೇಕು, ಬರೀ ತಮ್ಮದೊಂದನ್ನಲ್ಲ. ತೋಟದಿಂದ ಬರುವ ಮಕ್ಕಳು ಜೇಬಿನಲ್ಲೇ ಬೀಜ ತರುತ್ತಾರೆ.

ಶೀಟ್ ಹಾಕಿದ ಶೆಡ್ಡಿನಲ್ಲಿ ಅಭ್ಯಾಸ ಮಾಡುವ ದಿನ ಮಳೆಯ ಸದ್ದಿಗೆ ನನ್ನ ಕೂಗು ಯಾರಿಗೂ ಕೇಳುವುದಿಲ್ಲ. ಅಲ್ಲಿಂದಲೇ ಕೈಸನ್ನೆ ಶುರುವಾಯಿತು. ಮುಷ್ಟಿ ಎತ್ತಿದರೆ ಬಲಗಡೆ ಸ್ಕ್ರೀನ್, ತೆರೆದ ಅಂಗೈ ಎಡಗಡೆ, ತಲೆ ಮುಟ್ಟಿದರೆ ಮೂರಕ್ಕೆ ಹೋಗಿ. ಸನ್ನೆ ಮಾಡುವುದು ಈಗ ನಾನಲ್ಲ, ಗಾರ್ಡ್. ಹೋದ ವರ್ಷದ ಹುಡುಗಿಯರ ತಂಡ ನಾಲ್ಕನೆಯ ಸನ್ನೆಯೊಂದನ್ನು ತಾವೇ ಸೇರಿಸಿಕೊಂಡಿತು: ಎರಡು ಬೆರಳನ್ನು ಎದೆಗೆ ತಟ್ಟುವುದು. ಅರ್ಥ ಏನು ಎಂದು ಕೇಳಿದೆ. "ಸ್ಕೋರ್ ಎಷ್ಟು, ಟೈಮ್ ಎಷ್ಟು ಅಂತ ಜೋರಾಗಿ ಹೇಳಿ ಅಂತ, ಸರ್" ಎಂದರು.